ನಮ್ಮ ಭಾನುವಾರವನ್ನು ವಾಪಸ್ ಕೊಡಿ

ಆಳುವ ಪಕ್ಷದ ಮಾನ್ಯ ಅಧ್ಯಕ್ಷರೇ,

ಕುಶಲ ವಿಚಾರಿಸುವ ಮನಸ್ಸಿಲ್ಲ, ನೇರವಾಗಿ ಹೇಳುತ್ತೇನೆ: ನಿಮ್ಮ ಸರ್ಕಾರ ನಮ್ಮ ಮನೆಯ ಭಾನುವಾರವನ್ನು ಕಿತ್ತುಕೊಂಡಿದೆ. ಅಂಗಡಿ ಮಳಿಗೆಗಳು ವಾರಕ್ಕೊಂದು ದಿನ ಬಾಗಿಲು ಹಾಕಲೇಬೇಕೆಂಬ ಹಳೆಯ ಕಾಯ್ದೆಯನ್ನು ನೀವು ಮೂರು ತಿಂಗಳ ಹಿಂದೆ, ಒಂದೇ ಮಧ್ಯಾಹ್ನ, ಚರ್ಚೆಯೇ ಇಲ್ಲದೆ ರದ್ದು ಮಾಡಿದಿರಿ. 'ಕುಟುಂಬವೇ ಮೊದಲು' ಎಂದು ಗೋಡೆಗೋಡೆಯ ಮೇಲೆ ಬರೆಸಿ ಗೆದ್ದವರು ನೀವು. ಯಾರ ಕುಟುಂಬ ಎಂದು ಆಗಲೇ ಕೇಳದಿದ್ದದ್ದು ನಮ್ಮ ತಪ್ಪು.

ನಾನು ದರ್ಜಿ. ನಲವತ್ತು ವರ್ಷಗಳಿಂದ ಒಂದೇ ಬೀದಿ, ಒಂದೇ ಅಂಗಡಿ, ಒಂದೇ ಪಕ್ಷ. ಹಳೇ ಕಾಲದವನು ಎಂದು ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ, ಹೌದು. ಕೊಟ್ಟ ಮಾತಿಗೆ ತಪ್ಪಬಾರದು, ಹಿರಿಯರಿಗೆ ಎದುರಾಡಬಾರದು, ವಾರಕ್ಕೊಂದು ಹೊತ್ತಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕು ಎಂದು ನಂಬಿದವನು. ಇದನ್ನೆಲ್ಲ ಉಳಿಸುತ್ತೇವೆ ಎಂದಿರಿ, ಅದಕ್ಕೇ ನಿಮ್ಮ ಬೆನ್ನಿಗೆ ನಿಂತೆ.

ಈಗ ನಮ್ಮ ಮನೆಯ ಕಥೆ ಕೇಳಿ. ಮಗಳು ದೊಡ್ಡ ಬಟ್ಟೆ ಮಳಿಗೆಯಲ್ಲಿ ಬಿಲ್ ಹಾಕುತ್ತಾಳೆ, ಅಳಿಯ ಅದೇ ಮಳಿಗೆಯ ಗೋದಾಮಿನಲ್ಲಿದ್ದಾನೆ. ಕಾಯ್ದೆ ಹೋದ ಮೇಲೆ ಅವಳಿಗೆ ಮಂಗಳವಾರ ರಜೆ, ಅವನಿಗೆ ಗುರುವಾರ. ಇಬ್ಬರಿಗೂ ಒಂದೇ ದಿನ ಕೊಡಿ ಎಂದು ಕೇಳಿದ್ದಕ್ಕೆ ಮ್ಯಾನೇಜರ್, "ಸರ್ಕಾರನೇ ಬೇಡ ಅಂದಿದೆ, ನಾನ್ಯಾರು?" ಎಂದನಂತೆ. ಮೊನ್ನೆ ಭಾನುವಾರ ಐದು ವರ್ಷದ ಮೊಮ್ಮಗಳು ನನ್ನ ಹೊಲಿಗೆ ಯಂತ್ರದ ಪಕ್ಕ ಗುಂಡಿಗಳ ಡಬ್ಬಿ ಸುರಿದುಕೊಂಡು ಆಡುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ತಾತಾ, ಅಪ್ಪ ಅಮ್ಮ ಟೂ ಬಿಟ್ಟಿದಾರಾ?"

"ಇಲ್ಲ ಪುಟ್ಟಿ, ಯಾಕೆ?"

"ಮತ್ತೆ, ಅಮ್ಮ ಇದ್ರೆ ಅಪ್ಪ ಇರಲ್ಲ, ಅಪ್ಪ ಇದ್ರೆ ಅಮ್ಮ ಇರಲ್ಲ."

ಚೆಲ್ಲಿದ ಗುಂಡಿಗಳನ್ನು ಡಬ್ಬಿಗೆ ತುಂಬಿಕೊಟ್ಟೆ. ಅವಳ ಮಾತಿಗೆ ನಿಮ್ಮ ಬಳಿ ಉತ್ತರವಿದ್ದರೆ ತಿಳಿಸಿ, ಮಗುವಿಗೆ ಮುಟ್ಟಿಸುತ್ತೇನೆ.

ಬೀದಿಯ ಅರವತ್ತೆರಡು ಮನೆಗಳವರಿಂದ ಸಹಿ ಹಾಕಿಸಿ, ಅರ್ಜಿ ಹಿಡಿದು ನಿಮ್ಮ ಪಕ್ಷದ ಕಚೇರಿಗೆ ಹೋದೆ. ಕಾರ್ಯದರ್ಶಿಗಳು ಅರ್ಜಿ ಓದುವ ಮೊದಲು ಮತದಾರರ ಪಟ್ಟಿ ತೆಗೆದರು. ನಮ್ಮ ಬೀದಿಯ ಪುಟದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿತ್ತು: 'ಭದ್ರ. ಹೋಗಬೇಕಿಲ್ಲ.' ಅವರ ಮುಖ ಅರಳಿತು. "ಯಜಮಾನ್ರೇ, ನಿಮ್ಮ ಕಷ್ಟ ಅರ್ಥ ಆಗತ್ತೆ. ಆದ್ರೆ ಆ ಕಡೆಯವ್ರಿಗಂತೂ ನೀವು ವೋಟ್ ಹಾಕೋರಲ್ಲ. ಇನ್ನೆಲ್ಲಿಗೆ ಹೋಗ್ತೀರಾ ಹೇಳಿ?" ಎಂದು ಟೀ ತರಿಸಿದರು.

ಸಿಟ್ಟು ಬಂತು, ಅವರ ಮೇಲಿಗಿಂತ ಹೆಚ್ಚಾಗಿ ನನ್ನ ಮೇಲೆಯೇ. ಏಕೆಂದರೆ ಪಟ್ಟಿಯ ಮೇಲಿನ ಆ ಪೆನ್ಸಿಲ್ ಅಕ್ಷರ ನನ್ನದು. ಐದು ಚುನಾವಣೆಗಳಿಂದ ಮನೆಮನೆ ಸುತ್ತಿ, ನಮ್ಮವರು, ಆ ಕಡೆಯವರು, ಅನುಮಾನ ಎಂದು ಪಟ್ಟಿಯಲ್ಲಿ ಗುರುತು ಹಾಕುವ ಕೆಲಸ ನನ್ನದೇ. ನಾಯಕರ ಚಪ್ಪಲಿ ಸವೆಯದಿರಲಿ, ಅನುಮಾನದ ಬೀದಿಗಳಿಗೆ ಹೋಗಲಿ ಎಂದು ನಮ್ಮ ಬೀದಿಗೆಲ್ಲ ಒಂದೇ ಮಾತು ಬರೆದು ಕೈತೊಳೆದುಕೊಂಡಿದ್ದೆ. ಬರೆದು ಬೀಗಿದ್ದೆ ಕೂಡ. ಅಂದಿನಿಂದ ನಿಮ್ಮವರೊಬ್ಬರೂ ನಮ್ಮ ಬಾಗಿಲು ತಟ್ಟಿಲ್ಲ. ಅನುಮಾನದ ಬೀದಿಯವರಿಗೆ ಹೊಸ ರಸ್ತೆ, ನೀರಿನ ಟ್ಯಾಂಕು, ಸ್ವತಃ ನೀವೇ ಕೈಮುಗಿದು ನಿಂತ ಫೋಟೋ. ನಂಬಿಗಸ್ತರಿಗೆ ಒಂದು ಲೋಟ ಟೀ, ಅದೂ ಆರಿದ್ದು.

ಏಳೂ ದಿನ ತೆರೆದರೆ ವ್ಯಾಪಾರ ಹೆಚ್ಚುತ್ತದೆ ಎನ್ನುತ್ತೀರಿ. ಅಳತೆ ತೆಗೆಯುವವನಾಗಿ ಕೇಳುತ್ತೇನೆ, ಏಳನೇ ದಿನ ಅಂಗಡಿ ತೆರೆದರೆ ಮನುಷ್ಯನಿಗೆ ಮೂರನೇ ತೋಳು ಬರುತ್ತದೆಯೇ, ಇನ್ನೊಂದು ಅಂಗಿ ಕೊಳ್ಳಲು? ಅದೇ ಜನ, ಅದೇ ಅಂಗಿ. ಹೆಚ್ಚಾದದ್ದು ನಮ್ಮ ಮಕ್ಕಳ ದಣಿವು ಮಾತ್ರ. ಹಳೆಯದನ್ನೆಲ್ಲ ಕೆಡವುವ ಪಕ್ಷವೇ ಬೇಕಿದ್ದರೆ ಎದುರಿಗೇ ಒಂದಿತ್ತಲ್ಲ, ನಿಮಗೇಕೆ ಮತ ಹಾಕಬೇಕಿತ್ತು?

ಚುನಾವಣೆಗೆ ಇನ್ನು ನಾಲ್ಕು ತಿಂಗಳಿದೆ. ಅಷ್ಟರೊಳಗೆ ಆ ಕಾಯ್ದೆಯನ್ನು ಮತ್ತೆ ಜಾರಿಗೆ ತನ್ನಿ. ತಾರದಿದ್ದರೆ ನಾವು ಆ ಕಡೆಗೆ ಹೋಗುತ್ತೇವೆಂದು ಹೆದರಬೇಡಿ, ನಾವು ಎಲ್ಲಿಗೂ ಹೋಗುವುದಿಲ್ಲ. ಮತದಾನದ ದಿನ ಎಲ್ಲ ಮಳಿಗೆಗಳಿಗೂ ಕಡ್ಡಾಯ ರಜೆ. ಅದನ್ನು ರದ್ದು ಮಾಡುವುದು ನಿಮಗೆ ಮರೆತುಹೋಗಿದೆ. ಅಂದು ನನ್ನ ಮಗಳು, ಅಳಿಯ ಇಬ್ಬರೂ ಮನೆಯಲ್ಲಿರುತ್ತಾರೆ. ಅರವತ್ತೆರಡು ಮನೆಗಳಲ್ಲೂ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತೇವೆ, ಮತಗಟ್ಟೆಯ ಬಾಗಿಲು ಹಾಕುವವರೆಗೂ ಏಳುವುದಿಲ್ಲ.

ಇಂತಿ,
ಇಷ್ಟು ದಿನ ನಿಮ್ಮವನೇ ಆಗಿದ್ದ
ಒಬ್ಬ ದರ್ಜಿ