ನಮ್ಮ ಪುಸ್ತಕದ ನಂಬರ್

ಪೋರೂರು
ಶನಿವಾರ

ಅಪ್ಪಯ್ಯನಿಗೆ ನಮಿತಾಳ ನಮಸ್ಕಾರ.

ಈ ವಾರ ನಾನು ಗೆದ್ದೆ. ಗೆಲ್ಲಿಸಿದ್ದು ನಿಮ್ಮ ಹೋಟೆಲಿನ ಉಗ್ರಾಣ.

ನಮ್ಮ ಸ್ಕ್ಯಾನ್ ಸೆಂಟರಿನಿಂದ ರೋಗಿಗಳ ಫೈಲುಗಳನ್ನು ದಿನವೂ ತಜ್ಞರ ಸರ್ವರಿಗೆ ಕಳಿಸುವವಳು ನಾನೇ ತಾನೆ? ಸೋಮವಾರ ಕಳಿಸಲು ಹೊರಟರೆ, ಸರ್ವರಿನ ಗುರುತು ಸಾಬೀತುಪಡಿಸುವ ಪ್ರಮಾಣಪತ್ರ ಬದಲಾಗಿದೆ, ಮುಂದುವರಿಯಲೇ ಎಂದು ಕಂಪ್ಯೂಟರ್ ಕೇಳಿತು. 'ಪ್ರಮಾಣಪತ್ರ ಹೊಸದು, ಅನುಮಾನವಿದ್ದರೆ ಈ ನಂಬರಿಗೆ ಕೇಳಿ' ಎಂಬ ಮೇಲ್ ಕೂಡ ಬಂದಿತ್ತು.

ಮ್ಯಾನೇಜರ್ ರಘು, "ದಿನಾ ಕಳಿಸೋ ಜಾಗಾನೇ ಅಲ್ವೇನ್ರೀ, ಓಕೆ ಒತ್ತಿ" ಎಂದರು.

ನನಗೆ ನೀವು ನೆನಪಾದಿರಿ. ಕೋಯಂಬೇಡು ಮಾರುಕಟ್ಟೆಯಿಂದ ತರಕಾರಿ ಹೊತ್ತು ಹೊಸ ಡ್ರೈವರ್ ಬಂದರೆ ಉಗ್ರಾಣದ ಬೀಗ ತೆಗೆಯದೆ ಹೇಳುತ್ತಿದ್ದಿರಿ: "ಬಂದವ ಕೊಟ್ಟ ನಂಬರ್ ಬೇಡ, ನಮ್ಮ ಪುಸ್ತಕದ ನಂಬರಿಗೆ ಫೋನ್ ಮಾಡು ಮಾರಾಯ್ತಿ." ಆಗ ಎಷ್ಟು ನಾಚಿಕೆಯಾಗುತ್ತಿತ್ತು ನನಗೆ!

ತಜ್ಞರ ಜೊತೆಗಿನ ಹಳೆಯ ಒಪ್ಪಂದದ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವರು ತಮ್ಮ ಪ್ರಮಾಣಪತ್ರದ ಗುರುತಿನ ಅಕ್ಷರಗಳನ್ನು ಒಂದೊಂದಾಗಿ ಓದಿದರು. ನನ್ನ ಪರದೆಯಲ್ಲಿದ್ದುದಕ್ಕೆ ಮೊದಲ ಸಾಲೇ ತಾಳೆಯಾಗಲಿಲ್ಲ. ಅವರು ಏನನ್ನೂ ಬದಲಿಸಿಯೇ ಇರಲಿಲ್ಲ! ಯಾವನೋ ಕಳ್ಳ ಅವರ ವೇಷ ಹಾಕಿ ನಡುವೆ ಕೂತಿದ್ದ. ಒಬ್ಬ ರೋಗಿಯ ಫೈಲೂ ಅವನಿಗೆ ಸಿಗಲಿಲ್ಲ. ಈಗ ರಘು ನನ್ನನ್ನು ಕೇಳದೆ ಯಾವುದಕ್ಕೂ ಓಕೆ ಒತ್ತುವುದಿಲ್ಲ.

ನಿಮ್ಮ ಆ ಫೋನ್ ಪುಸ್ತಕವನ್ನು ರಘು ನೋಡಬೇಕಂತೆ. ಈ ಪತ್ರ ತಂದ ಪ್ರವೀಣನ ಕೈಯಲ್ಲಿ ಕೊಟ್ಟು ಕಳಿಸಿ. ಕೊಡುವ ಮೊದಲು, ಅವನು ನಾನು ಕಳಿಸಿದವನೇ ಹೌದೋ ಎಂದು ನನಗೆ ಫೋನ್ ಮಾಡಿ ಕೇಳಿ.

ನನ್ನ ನಂಬರನ್ನು ಬೇಕೆಂದೇ ಇಲ್ಲಿ ಬರೆದಿಲ್ಲ.

ನಿಮ್ಮ ಮಗಳು,
ನಮಿತಾ