ಗುಂಡಮ್ಮ ಹೆತ್ತ ಬೆಳಗು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮೊದಲು ಸುದ್ದಿ, ಆಮೇಲೆ ಕ್ಷೇಮಸಮಾಚಾರ. ನಿನ್ನ ಗುಂಡಮ್ಮ ಹೆತ್ತಳು! ಗಪ್ಪಿ ಮೀನು ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ ಎಂದು ನೀನು ಹೇಳಿದಾಗ ನಕ್ಕಿದ್ದೆನಲ್ಲ, ಇವತ್ತು ಕಣ್ಣಾರೆ ನೋಡಿದೆ. ರೆಪ್ಪೆಕೂದಲಿನಷ್ಟು ಮೈ, ಅದಕ್ಕೆರಡು ಕಪ್ಪು ಕಣ್ಣು, ಅಷ್ಟೇ!

"ಈ ನೀರಿನ ಡಬ್ಬ ಇರ್ಬೇಕು, ಇಲ್ಲಾ ನಾನಿರ್ಬೇಕು" ಎಂದು ಅಪ್ಪ ಕೂಗಾಡಿದ್ದಕ್ಕೆ ನೀನೇ ಚಿಕ್ಕಮ್ಮನ ಮನೆಗೆ ಹೊರಟುಬಿಟ್ಟೆ. ಅಂದಿನಿಂದ ಮೀನುಗಳಿಗೆ ಊಟ, ನೀರು ಎಲ್ಲ ನನ್ನದೇ. ಅಪ್ಪ ಮೀನಿನ ತೊಟ್ಟಿಯತ್ತ ತಿರುಗಿಯೂ ನೋಡಿರಲಿಲ್ಲ.

ಬೆಳಿಗ್ಗೆ ಕರೆಂಟು ಹೋಯಿತು. ಗಾಳಿಯ ಪಂಪೂ ಹೀಟರೂ ನಿಂತವು, ನೀರು ತಣ್ಣಗಾಗತೊಡಗಿತು. ಮೀನುಗಳೆಲ್ಲ ಮೇಲೆ ಬಂದು ಬಾಯಿಬಾಯಿ ಬಿಡುತ್ತಿದ್ದವು. ನಾನು ಕಿರುಚಿದ್ದಕ್ಕೆ ಅಪ್ಪ ಮನೆ ಮುಂದಿನ ತಮ್ಮ ಸಲೂನಿನಿಂದ ಓಡಿಬಂದರು, ಅಂಚೆಯಣ್ಣನ ಗಡ್ಡ ಅರ್ಧಕ್ಕೇ ಬಿಟ್ಟು! ನೊರೆಗೈಯನ್ನೇ ತೊಟ್ಟಿಗೆ ಹಾಕಲು ಹೋದರು. ಸೋಪು ತಗುಲಿದರೆ ಎಲ್ಲ ಸಾಯುತ್ತವೆ ಎಂದು ನಾನು ಅಡ್ಡ ನಿಂತೆ. ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದರು. ಅಂಗಡಿಯ ಒಗೆದ ಟವೆಲುಗಳನ್ನೆಲ್ಲ ಗಾಜಿಗೆ ಸುತ್ತಿ, ಗಾಳಿ ಬೆರೆಯಲೆಂದು ಲೋಟದಲ್ಲಿ ನೀರೆತ್ತಿ ಎತ್ತಿ ಸುರಿದರು. ಅಂಚೆಯಣ್ಣ ಒಂದು ಕೆನ್ನೆಯ ನೊರೆಯಲ್ಲೇ ಟಾರ್ಚು ಹಿಡಿದು ನಿಂತಿದ್ದ. ಮೊದಲು ನೋಡಿದವನೂ ಅವನೇ: "ಅಯ್ಯೋ, ಏನೋ ಉದುರ್ತಾ ಇದೆ!"

ಮರಿ! ಹಿಂದೆಯೇ ಇನ್ನೊಂದು! ಉಳಿದ ಮೀನುಗಳು ತಿನ್ನಲು ನುಗ್ಗಿದವು. ಅಪ್ಪನಿಗೆ ರೇಗಿಹೋಯಿತು. "ಏಯ್, ನಿಮ್ಮನೆ ಕೂಸು ಕಣ್ರೋ ಅದು!" ಎಂದು ಮೀನುಗಳಿಗೇ ಗದರಿದರು. ತೊಟ್ಟಿಯ ನೀರನ್ನೇ ತುಂಬಿದ ಗಾಜಿನ ಜಾಡಿಗೆ ಚಮಚದಲ್ಲಿ ಒಂದೊಂದಾಗಿ ಸಾಗಿಸಿದರು. ಉಸಿರು ಬಿಡಲೂ ಅವರಿಗೆ ಭಯ. ಕೆಲವನ್ನು ಕಳೆದುಕೊಂಡೆವಮ್ಮ, ಸುಳ್ಳು ಹೇಳುವುದಿಲ್ಲ. ಆದರೆ ಜಾಡಿಯ ತುಂಬ ಮರಿಗಳಿವೆ, ಎಣಿಸಲು ಹೋದರೆ ಒಂದೂ ನಿಂತಲ್ಲಿ ನಿಲ್ಲುವುದಿಲ್ಲ!

ಕರೆಂಟು ಬಂದು ಪಂಪು ಗುಳುಗುಳು ಎಂದಾಗ ಅಪ್ಪ ಅಂಚೆಯಣ್ಣನನ್ನು ತಬ್ಬಿಕೊಂಡರು. ನೊರೆ ಇಬ್ಬರಿಗೂ ಮೆತ್ತಿತು. ಈಗ ಜಾಡಿಯ ಮುಂದೆ ಕೂತು ಬೆಂದ ಮೊಟ್ಟೆಯ ಹಳದಿಯನ್ನು ಸೂಜಿಮೊನೆಯಷ್ಟು ಉದುರಿಸುತ್ತಿದ್ದಾರೆ. "ನಿಮ್ಮಮ್ಮ ಇದ್ದಿದ್ರೆ ಸರಿಯಾಗಿ ಹೇಳ್ತಿದ್ಲು" ಎಂದು ಗೊಣಗಿದ್ದು ನನಗೆ ಕೇಳಿಸಿತು.

ನಿನ್ನ ದಾರಿ ಕಾಯುತ್ತಿರುವ,
ಮಗಳು

ಮರೆತಿದ್ದೆ: ಅಪ್ಪನಿಗೆ ವಿಪರೀತ ಜ್ವರ, ಹಾಸಿಗೆ ಬಿಟ್ಟೇಳುತ್ತಿಲ್ಲ ಎಂದು ಬರೆಯಬೇಕಂತೆ, ಅಪ್ಪನದೇ ಅಪ್ಪಣೆ. ಹಾಗೆ ಬರೆದರೇ ನೀನು ಬರುವುದಂತೆ. ಜ್ವರವೂ ಇಲ್ಲ, ಗಿರವೂ ಇಲ್ಲ. ಅವರಿಗೆ ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ, ಅಷ್ಟೇ.