ಮೀನಿಗೆಲ್ಲಿಯ ಕತ್ತು

ಫೆಬ್ರವರಿ ೩, ಬೆಳಿಗ್ಗೆ

ಮನೆಯ ಬೀಗ ಎರಡು ಸಲ ಎಳೆದು ನೋಡಿ ಹೊರಟೆ. ಮೂಲೆ ತಿರುಗಿದ ಮೇಲೆ ಮನಸ್ಸು ತಡೆಯಲಿಲ್ಲ, ವಾಪಸ್ ಬಂದೆ. ಹಾಕಿಯೇ ಇತ್ತು. ಶೆಡ್ಡಿಗೆ ತಡ.

ಮಾವ ಆಗಲೇ ಮರಳುಚೀಲದ ಮೇಲೆ ತಗಡು ಇಟ್ಟುಕೊಂಡು ಮರದ ಸುತ್ತಿಗೆಯಿಂದ ಬಡಿಯುತ್ತಿದ್ದರು. ಅವರ ಮಗಳ, ಅಂದರೆ ನನ್ನ ಹೆಂಡತಿಯ ಸೈಕಲ್ಲಿಗೆ ತಗಡಿನ ಮೀನಿನ ಮೈ. ಎಡಪಕ್ಕೆ ಮುಗಿದಿದೆ, ಬಲಪಕ್ಕೆ ಉಬ್ಬುತ್ತಿದೆ. ಬಾಲದೊಳಗೆ ಪೆಟ್ಟಿಗೆ — ಇವಳು ಹೊಲಿದ ಬಟ್ಟೆ ಮನೆಮನೆಗೆ ಒಯ್ಯುವಾಗ ನೆನೆಯಬಾರದಲ್ಲ. ಬಡಿಯುವುದು ಮಾವ, ಬೆಸುಗೆ ನಾನು.

ಜೀವನವಿಡೀ ಬಡಿದು ಮಾವನ ಕಿವಿ ಮಂದ. ತಗ್ಗು ಉಬ್ಬು ಎಲ್ಲ ಅಂಗೈಯಲ್ಲೇ ನೋಡುತ್ತಾರೆ, ಕಣ್ಣು ಮುಚ್ಚಿಕೊಂಡು. ‘ತಗಡು ಹೇಳಿದ ಮಾತು ಕೇಳ್ತದೆ. ಅಳಿಯನೇ ಕೇಳಲ್ಲ’ ಅಂದರು.

ಫೆಬ್ರವರಿ ೬

ಮೈ ಕೂರಿಸುವ ಹಿಡಿಗಳನ್ನು ಫ್ರೇಮಿಗೆ ಬೆಸೆದೆ. ಕೊನೆಯದು ಹ್ಯಾಂಡಲ್ ಕೆಳಗೆ, ಫ್ರೇಮಿನ ಕತ್ತಿನ ಹತ್ತಿರ. ಇವಳು ಬಾಗಿಲಲ್ಲಿ ನಿಂತು, ‘ನೀಲಿ ಬಳಿಯೋದಾ, ಹಸಿರಾ?’ ಅಂದಳು. ತಿರುಗಿ ‘ಯಾವುದಾದ್ರೂ’ ಅಂದೆ. ಅಷ್ಟರಲ್ಲಿ ಫ್ರೇಮಿನ ಕೊಳವೆ ಕಾದು ಕೆಂಪು ದಾಟಿ ಹಳದಿ.

ಮಾವ ನೋಡಿ, ‘ಹಿಡಿದಿದೆ, ಬಿಡು’ ಅಂದರು.

ಹಿಡಿದಿದೆ. ಆದರೆ ಅಷ್ಟು ಕಾದ ಕೊಳವೆಗೆ ಮೊದಲಿನ ಗಟ್ಟಿತನ ಇರುತ್ತದಾ...

ಫೆಬ್ರವರಿ ೧೨

ಮೈ ಕೂತಿತು. ಸುತ್ತ ರಿವೆಟ್. ಮೂಗಿನಿಂದ ಬಾಲದವರೆಗೆ ಒಂದು ಸುಕ್ಕಿಲ್ಲ. ಬೀದಿಯವರೆಲ್ಲ ಬಂದು ಮುಖ ನೋಡಿಕೊಂಡು ಹೋದರು, ಕನ್ನಡಿ ಥರ. ಇನ್ನು ಕತ್ತು ಕಾಣುವುದಿಲ್ಲ. ತಗಡಿನೊಳಗೆ ಹೋಯಿತು.

‘ಮುಚ್ಚೋಕೆ ಮುಂಚೆ ಕತ್ತು ಒಂದ್ಸಲ ನೋಡಬೇಕಿತ್ತು ಮಾವ.’

‘ಏನು?’

‘ಕತ್ತು!’

‘ಮೀನಿಗೆಲ್ಲಯ್ಯಾ ಕತ್ತು!’

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ.

ಫೆಬ್ರವರಿ ೧೪, ಸಂಜೆ

ಸೈಕಲ್ ಟಿಕ್ ಅನ್ನುತ್ತದೆ. ಇವಳು ಬಲಗಾಲಲ್ಲಿ ಪೆಡಲ್ ಒತ್ತಿದಾಗೆಲ್ಲ ಒಂದು ಟಿಕ್. ಸಡಿಲ ರಿವೆಟ್ ಆದರೆ ಚಿಂತೆಯಿಲ್ಲ. ಕತ್ತಾದರೆ? ಇವಳು ದಿನಾ ಸೇತುವೆಯ ಇಳಿಜಾರು ಇಳಿಯುತ್ತಾಳೆ, ಎದುರಿಗೆ ಲಾರಿಗಳು. ಮಾವನಿಗೆ ಕೇಳಿಸುವುದಿಲ್ಲ. ಇವಳಿಗೆ ಕೇಳಿಸಿಕೊಳ್ಳುವುದು ಬೇಕಿಲ್ಲ.

‘ಆ ಟಿಕ್ ಇರೋದು ನಿನ್ನ ತಲೇಲಿ’ ಅಂದಳು. ‘ಮದುವೆ ಆದಾಗಿಂದ ನಿನ್ನ ತಲೇಲಿ ನಾನು ಎಷ್ಟು ಸಲ ಸತ್ತಿದ್ದೀನಿ ಹೇಳು. ಸಿಲಿಂಡರ್ ಸಿಡಿದು ಸತ್ತೆ. ಫ್ಯಾನ್ ಬಿದ್ದು ಸತ್ತೆ. ಸೂಜಿ ನುಂಗಿ ಬೇರೆ!’

ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕ ದಿನ ನನಗೆ ನಿದ್ದೆ ಬರುತ್ತದೆ. ಇವತ್ತೂ ಬರಬಹುದು.

ಫೆಬ್ರವರಿ ೧೭

ನಿದ್ದೆ ಬರಲಿಲ್ಲ. ಇವಳು ಹತ್ತಬಾರದೆಂದು ಸೈಕಲ್ಲಿನ ಚೈನ್ ಬಿಚ್ಚಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಮಧ್ಯಾಹ್ನ ಅನ್ನಕ್ಕೆ ಅಕ್ಕಿ ಅಳೆಯುವಾಗ ಇವಳಿಗೆ ಸಿಕ್ಕಿತು. ಗ್ರೀಸು ಹತ್ತಿ ಅಷ್ಟೂ ಅಕ್ಕಿ ಕಪ್ಪು.

‘ಅಪ್ಪ ಸುತ್ತಿಗೆ ಹಿಡಿಯೋದು ಇದೇ ಕೊನೆ. ಕೈ ನಡುಗ್ತಿದೆ, ನೋಡಿಲ್ವಾ? ಅವರು ಬಡಿದ ಮೀನನ್ನ ಮೂಲೆಗೆ ನಿಲ್ಲಿಸು ಅಂತೀಯಾ?’

ನೋಡಿದ್ದೆ. ಅದಕ್ಕೇ ಬಾಯಿ ಬಿಡಲಾರದೆ ಚೈನ್ ಹೂತಿದ್ದು.

ಫೆಬ್ರವರಿ ೨೫

ಎಂಟು ದಿನ ಬರೆದಿಲ್ಲ. ಇವಳು ಮಾತು ಬಿಟ್ಟಿದ್ದಾಳೆ. ಸೈಕಲ್ ಬಿಟ್ಟಿಲ್ಲ. ನಾನು ಇಳಿಜಾರಿನ ಕೆಳಗೆ ಪಂಕ್ಚರ್ ಅಂಗಡಿ ಹತ್ತಿರ ಹೋಗಿ ನಿಲ್ಲುತ್ತೇನೆ. ಅವಳು ಇಳಿದು ಹೋದ ಮೇಲೆ ಶೆಡ್ಡಿಗೆ. ಪಂಕ್ಚರ್‌ನವನು ಇವತ್ತು, ‘ಯಾರಿಗೆ ಕಾಯ್ತೀಯಣ್ಣ?’ ಅಂದ. ಹೆಂಡತಿಗೆ ಅನ್ನಲು ನಾಚಿಕೆ ಆಯಿತು.

ಟಿಕ್ ಈಗ ಎರಡು ಕಾಲಿಗೂ.

ಫೆಬ್ರವರಿ ೨೬, ಮಧ್ಯಾಹ್ನ

ಹೇಳಿಬಿಟ್ಟೆ. ಮಾವನ ಕಿವಿಗೇ ಬಾಯಿಟ್ಟು, ಕೂಗಿ. ಬೀದಿಗೆಲ್ಲ ಕೇಳಿಸಿರಬೇಕು. ತಪ್ಪು ನಿಮ್ಮ ತಗಡಿನದಲ್ಲ ಮಾವ, ನನ್ನ ಬೆಸುಗೆಯದು ಅಂದೆ.

ಬೈಯಲಿಲ್ಲ. ಮಗಳನ್ನು ಕರೆದು ಸೈಕಲ್ ಮೇಲೆ ಕೂರಿಸಿದರು. ನಾನು ಹಿಂದಿನ ಚಕ್ರ ಗಟ್ಟಿಯಾಗಿ ಹಿಡಿದೆ. ‘ಪೆಡಲ್ ಒತ್ತು’ ಅಂದರು. ಮೀನಿನ ಕೆನ್ನೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

‘ಒತ್ತು... ಇನ್ನೊಂದ್ಸಲ.’

ಕೈ ನಡುಗುತ್ತಿತ್ತು. ಆ ನಡುಕದಲ್ಲಿ ಏನು ತಿಳಿಯುತ್ತದೆ ಅಂದುಕೊಂಡೆ. ಇವಳು ಒತ್ತುತ್ತಾ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಮಾವ ಕಣ್ಣು ತೆರೆದರು. ‘ಇಳಿಯಮ್ಮ.’ ಆಮೇಲೆ ನನಗೆ, ‘ಕತ್ತರಿ ತಾ.’

‘ಅಪ್ಪಾ, ಬೇಡ. ರಿವೆಟ್ ಬಿಚ್ಚಿ ನೋಡಿದ್ರೆ ಸಾಲದಾ?’

‘ಇದನ್ನ ಬಿಚ್ಚೋ ಹಾಗೆ ಮಾಡಿಲ್ಲ ನಾನು. ಅದು ನನ್ನ ಜಂಬ. ತಾ ಕತ್ತರಿ.’

ತಾವೇ ಕತ್ತರಿಸಿದರು, ಕೆನ್ನೆಯಿಂದ ಎದೆಯವರೆಗೆ. ಅಷ್ಟು ನಯ ಮಾಡಿದ್ದನ್ನು. ನನಗೆ ನೋಡಲಾಗಲಿಲ್ಲ.

ಕತ್ತಿನ ಕೆಳಗೆ ಬಿರುಕು. ಕೂದಲೆಳೆ ಸಪೂರ, ಅರ್ಧ ಕೊಳವೆ ಸುತ್ತಿದೆ. ಇವಳು ಹ್ಯಾಂಡಲ್ ಹಿಡಿದು ಮೆಲ್ಲಗೆ ಎತ್ತಿದಳು. ಬಿರುಕು ಬಾಯಿ ಬಿಟ್ಟಿತು. ಇಳಿಸಿದಳು. ಮುಚ್ಚಿಕೊಂಡಿತು. ಇನ್ನೊಂದು ಸಲ ಎತ್ತಿದಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಮಾವ ತಗಡಿನ ತುಂಡು ಮಡಿಲಲ್ಲಿಟ್ಟುಕೊಂಡು ಸವರುತ್ತಿದ್ದರು. ‘ಹೊಸ ಫ್ರೇಮ್ ತಾ. ಕೆನ್ನೆ ಮತ್ತೆ ಬಡಿಯೋಣ. ನಾನು ಹೇಳ್ತೀನಿ, ನೀನು ಬಡಿ’ ಅಂದರು.

ಫೆಬ್ರವರಿ ೨೭, ಬೆಳಿಗ್ಗೆ

ನಾನಂದದ್ದೇ ನಿಜವಾಯಿತಲ್ಲ, ಸಮಾಧಾನ ಆಗಬೇಕಿತ್ತು. ಇಲ್ಲ. ಹೆದರಿಕೆ ಇನ್ನೂ ಜಾಸ್ತಿ. ಇಷ್ಟು ವರ್ಷ ನಾನು ಹೆದರುತ್ತಿದ್ದೆ, ಅವಳು ನಗುತ್ತಿದ್ದಳು. ಆ ನಗು ನಂಬಿಕೊಂಡೇ ಹೆದರುತ್ತಿದ್ದೆ.

ಇವಳು ಎದ್ದಾಗಿನಿಂದ ಹೊಲಿಗೆ ಮಷಿನ್ ಮುಟ್ಟಿಲ್ಲ. ನಾನು ಶೆಡ್ಡಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಂಡೆ. ‘ಸಿಲಿಂಡರ್ ಆಫ್ ಮಾಡಿದ್ಯಾ?’ ಅಂದಳು. ಯಾವತ್ತೂ ಕೇಳಿದವಳಲ್ಲ. ಆಮೇಲೆ ಮೇಲೆ ನೋಡಿದಳು, ತಿರುಗುವ ಫ್ಯಾನ್ ಕಡೆ. ನಗಲಿಲ್ಲ.

‘ಅದೂ ನಿಜಾನಾ?’

ಇಲ್ಲ ಕಣೇ, ಅದು ಬರೀ ನನ್ನ ತಲೇಲಿ, ಅನ್ನಬೇಕಿತ್ತು. ಅನ್ನಲು ಬಾಯಿ ತೆರೆದೆ. ತೆರೆದು, ನಾನೂ ಮೇಲೆ ನೋಡಿದೆ.